ವಿದ್ವಾಂಸರ ಸಭೆಗೆ ಗಡಿಯವನು

ಹೊರಗಿಟ್ಟರೆ ಅವಮಾನ ಎನ್ನುವವರು ಬಹಳ ಜನ. ಒಳಗೆ ಕರೆದರೆ ಎದೆ ಡವಡವ ಎನ್ನುವವನು ನಾನೊಬ್ಬನೇ ಇರಬೇಕು. ನಿಪ್ಪಾಣಿಯಲ್ಲಿ ಕಾನೂನು ಪಾಠ ಹೇಳಿಕೊಂಡಿದ್ದ ನಾನು ಅಂತರರಾಷ್ಟ್ರೀಯ ಕಾನೂನಿನ ವಿದ್ವತ್ ಮಂಡಳಿಯೊಂದರ ಸದಸ್ಯ. ಸಭೆಗೆ ಹೋಗುವುದು, ಹಿಂದಿನ ಸಾಲಿನಲ್ಲಿ ಕೂರುವುದು, ಉಪ್ಪಿಟ್ಟು ತಿಂದು ಬರುವುದು. ಇದಕ್ಕಿಂತ ಸುಖ ಎಲ್ಲಿದೆ ಹೇಳಿ? ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಂಡಳಿಯ ಹಿರಿಯರಿಗೆ, ವೇದಿಕೆಯ ಮೇಲೆ ಬರೀ ದೊಡ್ಡ ಊರಿನ ಗಂಡಸರೇ ಕೂತಿರುತ್ತಾರೆ ಎಂಬುದು ಹೊಳೆದುಬಿಟ್ಟಿತು. ಬೆಳಗಾವಿಯ ಸಭೆಯಲ್ಲಿ ಎಲ್ಲರಿಗೂ ಅವಕಾಶ ಎಂದರು. ಗಡಿ ಊರಿನವನೆಂದು ನನಗೆ ಕೊಟ್ಟ ವಿಷಯ, ದೇಶ ದೇಶಗಳ ಗಡಿ ತಕರಾರು!

ನಿಪ್ಪಾಣಿಯಲ್ಲಿದ್ದುಕೊಂಡು ಗಡಿಯ ಮಾತೇ? ಶಿವ ಶಿವಾ! ನನ್ನ ಮನೆಮಾಲೀಕರು ಮರಾಠಿ, ಎದುರುಮನೆಯವರು ಕನ್ನಡ. ಇಬ್ಬರ ಮನೆಯ ಹಬ್ಬದ ಹೋಳಿಗೆಯೂ ನಮಗೆ ಬರುತ್ತಿತ್ತು. ಆಫ್ರಿಕಾದ ಯಾವುದೋ ಹೊಳೆ ಯಾರದೆಂದು ನಾನು ಬಾಯಿಬಿಟ್ಟರೂ, 'ಹಾಗಾದರೆ ನಮ್ಮೂರು ಯಾರದು?' ಎಂದು ಕೇಳದೆ ಬಿಡುವವರಲ್ಲ ಇವರು. ಏನು ಉತ್ತರ ಕೊಟ್ಟರೂ ಒಂದು ಮನೆಯ ಬಾಗಿಲು ಮುಚ್ಚುವುದು ಖಾತ್ರಿ. ನಿಜಕ್ಕೂ ಹೆದರಿದ್ದೆ. ಊಟ ಸೇರುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಂಡಳಿಯವರೇ ಆದ ಚಿಕ್ಕೋಡಿಯ ವಕೀಲೆ ಶಿರೀನ್ ಸಿಕ್ಕರು. ಅವರಿಗೂ ಅವಕಾಶ ಬಂದಿತ್ತು, ಆದರೆ ಮುಖ ಗಂಟಿಕ್ಕಿಕೊಂಡಿದ್ದರು.

"ನಾ ಓದಿದ್ದು ಸಮುದ್ರದ ಕಾನೂನ್ರಿ ಸರ್. ಹೆಣ್ಮಗಳು ಅಂತ ಹೆಣ್ಮಕ್ಕಳ ಸಮಾನತೆ ಕೊಟ್ಟಾರ. ಒಳಗ ಕರದು ಮೂಲ್ಯಾಗ ಕುಂದರಿಸಿದಂಗಾತು."

"ವಿಷಯ ಬದಲಿ ಮಾಡ್ಕೊಳ್ಳೂಣೇನ್ರಿ ಬಾಯಾರ?" ನನಗೆ ಹೋದ ಜೀವ ಬಂದಂತಾಗಿತ್ತು. "ಆದ್ರ ನಂದು ಗಡಿ ತಕರಾರ್ರಿ, ನಿಮಗ ಅಂಜಿಕಿ ಇಲ್ಲೇನ್ರಿ?"

"ಸಮುದ್ರದಾಗೂ ಗಡಿ ಇರ್ತಾವಲ್ರಿ! ಅಲ್ಲಿ ನಿಪ್ಪಾಣಿ ಎಲ್ಲಿ ಬರ್ತೈತಿ?"

ಕಾನೂನು ಪಾಠ ಹೇಳುವ ನನಗೆ ಇಷ್ಟೂ ಹೊಳೆದಿರಲಿಲ್ಲ ನೋಡಿ. ಅಲ್ಲಿಂದಲೇ ಮಂಡಳಿಗೆ ಫೋನ್ ಹಚ್ಚಿದೆವು. ಅವರೂ ಒಪ್ಪಿದರು.

ಮನೆಗೆ ಬಂದವನೇ ಹೆಂಡತಿಗೆ ಖುಷಿಯಿಂದ ಸುದ್ದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಹೆಣ್ಮಕ್ಕಳ ಸಮಾನತೆ? ಮಾತಾಡವ್ರು ನೀವು?"

"ಹೂಂ."

"ಹಂಗಾದ್ರ ನಾನೂ ಬರ್ತೀನ್ರಿ. ಅತ್ತಿಯನ್ನೂ ಕರಕೊಂಡ ಬರ್ತೀನಿ. ಭಾಷಣ ಮುಗದಮ್ಯಾಲ ಪ್ರಶ್ನೆ ಕೇಳಾಕ ಬಿಡ್ತಾರೇನು?"

"ಈ ಸಲ ಎಲ್ಲಾರಿಗೂ ಅವಕಾಶ ಐತಿ" ಎಂದೆ. ನೀರು ತಗೊಂಡು ಬಾ ಎನ್ನಲು ಬಾಯಿ ತೆರೆದವನು, ಸುಮ್ಮನೆ ಎದ್ದು ಹೋಗಿ ನಾನೇ ತುಂಬಿಕೊಂಡು ಕುಡಿದೆ.