ಮೂರನೇ ಮಹಡಿಯ ಸಮುದ್ರ

ಶಗಲಿ ಪಟ್ಟಣದ ಸಮುದ್ರ ನಿರ್ವಹಣಾ ಇಲಾಖೆಯಲ್ಲಿ ಬಂದರು, ಅಲೆ, ಮೀನು ಮತ್ತು ದೀಪಸ್ತಂಭ ಎಂಬ ನಾಲ್ಕು ವಿಭಾಗಗಳಿದ್ದು, ನಾಲ್ಕೂ ಸುಸ್ಥಿತಿಯಲ್ಲಿವೆ. ಸಮುದ್ರ ಮಾತ್ರ ಇಲ್ಲ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದು ಹಿಂದೆ ಹಿಂದೆ ಸರಿಯುತ್ತ, ದೋಣಿಗಳನ್ನು ಮರಳಿನಲ್ಲೇ ಬಿಟ್ಟು, ಕಣ್ಣಿಗೆ ಕಾಣದಷ್ಟು ದೂರ ಹೊರಟುಹೋಯಿತು. ಹೋಗುವ ಮುನ್ನ ಇಲಾಖೆಗೆ ಯಾವ ಸೂಚನೆಯನ್ನೂ ಕೊಡದಿದ್ದ ಕಾರಣ ಅದನ್ನು ಅನಧಿಕೃತ ಗೈರುಹಾಜರಿ ಎಂದು ಪರಿಗಣಿಸಲಾಯಿತು. ಸಮುದ್ರವು ಸೇವೆಗೆ ಮರಳುವವರೆಗೆ ಸಿಬ್ಬಂದಿ ತಮ್ಮ ತಮ್ಮ ಸ್ಥಾನಗಳಲ್ಲೇ ಇರತಕ್ಕದ್ದು ಎಂದು ಆದೇಶವಾಯಿತು. ಇದ್ದೇವೆ. ನಾನು ದೀಪಸ್ತಂಭ ವಿಭಾಗದವನು. ಸಂಜೆಯಾದೊಡನೆ ದೀಪ ಹಚ್ಚುತ್ತೇನೆ. ಸಮುದ್ರವಿದ್ದ ಮರಳಿನಲ್ಲಿ ಈಗ ಓಡಾಡುವ ಒಂಟೆಗಳು ನಮ್ಮ ಸರಹದ್ದಿನಲ್ಲಿ ದಾರಿ ತಪ್ಪಿದ ದಾಖಲೆ ಈವರೆಗೆ ಇಲ್ಲ.

ಹೀಗಿರುವಾಗ ಈ ವಸಂತದಲ್ಲಿ ರಾಜಧಾನಿಯಿಂದ ಒಂದು ಆದೇಶ ಬಂತು. ಶರತ್ಕಾಲದೊಳಗೆ ಇಲಾಖೆಯು ತನ್ನ ಸಮುದ್ರವನ್ನು ಹಾಜರುಪಡಿಸಬೇಕು, ತಪ್ಪಿದಲ್ಲಿ ಇಲಾಖೆಯನ್ನು ಮುಚ್ಚಲಾಗುವುದು. ನಮ್ಮ ಮುಖ್ಯಾಧಿಕಾರಿ ಒರಿನ್‌ಬಾಯ್ ಆಗಾ (ಹಿರಿಯರನ್ನು ನಾವು ಹಾಗೆ ಕರೆಯುತ್ತೇವೆ) ದುರ್ಬೀನು ಹಿಡಿದು ಕಚೇರಿಯ ಮಾಳಿಗೆ ಹತ್ತಿದರು. ಇಳಿದು ಬಂದು, "ಇನ್ನೂ ಬಂದಿಲ್ಲ" ಎಂದರು.

ಅದೇ ದಿನಗಳಲ್ಲಿ, ಮೂರನೇ ಮಹಡಿಯಲ್ಲಿ ನನ್ನ ಎದುರು ಮನೆಯ ಜಿಯಾದಾ ತನ್ನ ಹಜಾರದಲ್ಲಿ ಗಾಜಿನ ತೊಟ್ಟಿಯೊಂದನ್ನು ಇಟ್ಟಳು. ಆಕೆ ಪೇಟೆಯಲ್ಲಿ ಔಷಧಿ ಅಂಗಡಿ ನಡೆಸುವವಳು. ಹಲ್ಲು ಕೀಳಿಸಲು ತಾಷ್ಕೆಂಟಿಗೆ ಹೋದಾಗ ವೈದ್ಯರ ಕೋಣೆಯಲ್ಲಿ ಹವಳದ ತೊಟ್ಟಿ ನೋಡಿ, ತನ್ನ ಸರದಿ ಬಂದರೂ ಏಳದೆ ಕೂತಿದ್ದಳಂತೆ. ಬಂದವಳು ಚೀಲಗಟ್ಟಲೆ ಸಮುದ್ರದ ಉಪ್ಪು ತರಿಸಿದಳು.

ಗಂಡ ಸಲಾಮತ್ ವ್ಯಾನು ಓಡಿಸುವವನು. ಅವನಿಗೆ ನಗು ತಡೆಯಲಾಗಲಿಲ್ಲ. "ಉಪ್ಪಿಗೆ ದುಡ್ಡು ಕೊಟ್ಯಾ? ಈ ಊರಲ್ಲಿ? ಕಿಟಕಿ ತೆಗೆದ್ರೆ ಚಾದರದ ಮೇಲೆ ಉಪ್ಪು, ಚಹಾದಲ್ಲಿ ಉಪ್ಪು, ಹುಬ್ಬಲ್ಲಿ ಉಪ್ಪು!"

"ಆ ಉಪ್ಪಲ್ಲಿ ಹವಳ ಬದುಕಲ್ಲ ಮಾರಾಯ."

"ನಾವು ಬದುಕಿಲ್ವಾ?"

ಜಿಯಾದಾ ಶೋಧಿಸಿದ ನೀರಿಗೆ ಉಪ್ಪು ಬೆರೆಸಿದಳು, ಒಳಗೆ ತೂತು ತೂತಾದ ಬಂಡೆಗಳನ್ನು ಜೋಡಿಸಿದಳು, ಅಲೆ ಎಬ್ಬಿಸುವ ಪುಟ್ಟ ಪಂಪನ್ನು ಗಾಜಿಗೆ ಅಂಟಿಸಿದಳು. ಆಮೇಲೆ ವಾರಗಟ್ಟಲೆ ಏನೂ ಮಾಡಲಿಲ್ಲ. ನೀರಿನ ಹನಿ ತೆಗೆದು ಪರೀಕ್ಷೆ ಮಾಡುವುದು, ತಲೆ ಅಲ್ಲಾಡಿಸುವುದು, ಇಷ್ಟೆ. ಮೀನು ನೋಡಲು ಬಂದ ನೆರೆಹೊರೆಯವರು ಬರೀ ಕಲ್ಲು ನೋಡಿ ಚಹಾ ಕುಡಿದು ಹೋದರು.

"ಮೀನೆಲ್ಲಮ್ಮಾ?" ಎಂದು ಅವಳ ಅತ್ತೆ ಕಲ್ಬಿಕೆ ಕೇಳಿದರು.

"ಇನ್ನೂ ನೀರು ಹಣ್ಣಾಗಿಲ್ಲ ಅತ್ತೆ."

"ನೀರು ಹಣ್ಣಾಗೋದಾ? ಅದೇನು ಖರಬೂಜಾನಾ, ಬೆನ್ನು ತಟ್ಟಿ ನೋಡೋಕೆ?"

ನೀರು ಹಣ್ಣಾಯಿತು. ಬಂಡೆಯ ಮೇಲೆ ಕಂದು ಪಾಚಿ ಬಂದು ಹೋಯಿತು. ಆಮೇಲೆ ಬೆರಳಿನಂತೆ ಅಲ್ಲಾಡುವ ಮೆತ್ತನೆಯ ಹವಳ, ಅಂಗಿಯ ಗುಂಡಿಯಷ್ಟಗಲದ ಹಸಿರು ಹವಳಗಳು, ಒಂದು ಸಿಗಡಿ, ಕೊನೆಗೆ ಬಿಳಿ ಪಟ್ಟಿಯ ಕಿತ್ತಳೆ ಮೀನಿನ ಜೋಡಿ ಬಂದವು. ಅವು ಬಂದ ದಿನ ಅತ್ತೆ ಕುರ್ಚಿ ಎಳೆದುಕೊಂಡು ಕೂತವರು ಊಟಕ್ಕೂ ಏಳಲಿಲ್ಲ.

ಪ್ರತಿ ವಾರ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕಬೇಕು. ಒಮ್ಮೆ ಹಾಗೆ ತೆಗೆದ ಬಕೆಟ್ಟಿಗೆ ಸಲಾಮತ್ ಎಡವಿದ. ನೀರು ಕೆಳಗಿನ ಮನೆಯ ಮಕ್ಸೆತ್‌ನ ಚಾವಣಿಯಿಂದ ಸೋರಿ ಅವನ ಸೂಪಿನ ಬಟ್ಟಲಿಗೆ ಬಿತ್ತು. ಮಕ್ಸೆತ್ ನೀರು ಸರಬರಾಜು ಕಚೇರಿಗೆ ದೂರು ಕೊಟ್ಟ. ಅಲ್ಲಿಯ ಅಧಿಕಾರಿ ಗೋಡೆ ನೆಕ್ಕಿ ನೋಡಿ, "ಉಪ್ಪಿದೆ, ನಮ್ಮದಲ್ಲ" ಎಂದರು. ಚರಂಡಿ ಕಚೇರಿಯವರು ಮೂಸಿ ನೋಡಿ, "ವಾಸನೆ ಇಲ್ಲ, ನಮ್ಮದಲ್ಲ" ಎಂದರು. ವಾಸನೆಯಿಲ್ಲದ ಉಪ್ಪುನೀರು ನಿಯಮಾನುಸಾರ ಸಮುದ್ರ ಇಲಾಖೆಗೆ ಸೇರಿದ್ದು. ದೂರು ನಮ್ಮ ಮೇಜಿಗೆ ಬಂತು. ಸಮುದ್ರ ಹೋದ ಮೇಲೆ ಅದರ ಮೇಲೆ ಬಂದ ಮೊದಲ ದೂರು ಅದು. ಒರಿನ್‌ಬಾಯ್ ಆಗಾ ಅದನ್ನು ಓದುತ್ತ ಓದುತ್ತ ಎದ್ದು ನಿಂತರು.

ಮರುದಿನ ಬೆಳಿಗ್ಗೆ ಇಡೀ ಇಲಾಖೆ ಸಮವಸ್ತ್ರ ಧರಿಸಿ ಮೂರನೇ ಮಹಡಿ ಹತ್ತಿತು. ಸಮುದ್ರವೆಂದರೆ ಏನು ಎಂಬುದಕ್ಕೆ ನಮ್ಮಲ್ಲಿ ಸ್ಪಷ್ಟ ವ್ಯಾಖ್ಯೆ ಇದೆ. ನೀರು ಉಪ್ಪಾಗಿರಬೇಕು, ಅಲೆ ಇರಬೇಕು, ಜೀವರಾಶಿ ಇರಬೇಕು, ಎದುರು ದಡ ಕಾಣಬಾರದು. ಮೊದಲ ಮೂರು ಕೂಡಲೇ ದೃಢಪಟ್ಟವು. ನಾಲ್ಕನೆಯದರಲ್ಲಿ ತೊಡಕಾಯಿತು.

"ಎದುರು ದಡ ಕಾಣ್ತದೇನ್ರೀ?" ಎಂದು ಆಗಾ ಕೇಳಿದರು.

"ಕಾಣ್ತದೆ ಆಗಾ," ಎಂದರು ಅಲೆ ವಿಭಾಗದವರು. "ಗೋಡೆ ಇದೆ. ಗೋಡೆ ಮೇಲೆ ರತ್ನಗಂಬಳಿ ಇದೆ."

ಒರಿನ್‌ಬಾಯ್ ಆಗಾ ಕನ್ನಡಕ ತೆಗೆದು ಜೇಬಿಗಿಟ್ಟು, ಮತ್ತೊಮ್ಮೆ ದೀರ್ಘವಾಗಿ ನೋಡಿದರು. "ನನಗೆ ಕಾಣ್ತಿಲ್ಲ" ಎಂದರು. ಮುಖ್ಯಾಧಿಕಾರಿಗೆ ಕಾಣದ್ದು ಕೈಕೆಳಗಿನವರಿಗೆ ಕಾಣುವುದು ಶಿಸ್ತಿನ ಉಲ್ಲಂಘನೆಯಾದ್ದರಿಂದ ನಮಗೂ ಕಾಣಲಿಲ್ಲ.

"ಕನ್ನಡಕ ತೆಗೆದ್ರೆ ನಿಂಗೆ ನಿನ್ನ ಹೆಂಡ್ತೀನೂ ಕಾಣ್ಸಲ್ಲ ಒರಿನ್‌ಬಾಯ್," ಎಂದರು ಅತ್ತೆ.

ಜಿಯಾದಾಳ ಮುಖ ಕೆಂಪಾಗಿತ್ತು. "ಇದು ನನ್ನ ಮನೆ ಆಗಾ. ನಾನು ಕೈಯಾರೆ ಬೆರೆಸಿದ ನೀರು. ಇದು ಸಮುದ್ರ ಅಲ್ಲ, ತೊಟ್ಟಿ."

ಆಗಾ ಆಕೆಯನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿದರು. "ಮಗಳೇ, ಇಲಾಖೆ ಮುಚ್ಚಿದ್ರೆ ಅರ್ಧ ಊರು ಗಂಟುಮೂಟೆ ಕಟ್ಟತ್ತೆ. ಆಮೇಲೆ ನಿನ್ನ ಅಂಗಡೀಲಿ ಕೆಮ್ಮಿನ ಔಷಧಿ ಯಾರಿಗೆ ಮಾರ್ತೀಯ?"

ಅವಳು ಹೋಗಿ ತೊಟ್ಟಿಯ ಮುಂದೆ ನಿಂತಳು. "ಆಯ್ತು. ಆದ್ರೆ ಯಾರೂ ನೀರಿಗೆ ಕೈ ಹಾಕಬಾರದು."

ಅಂದೇ ಸಂಜೆ ಮೆಟ್ಟಿಲ ಬುಡದಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಸಮುದ್ರವು ಮೂರನೇ ಮಹಡಿಯಲ್ಲಿ ಸೇವೆಗೆ ಹಾಜರಾಗಿದೆ. ಸೋಫಾದಿಂದ ಕಿಟಕಿಯವರೆಗಿನ ಪ್ರದೇಶವು ಕರಾವಳಿಯಾಗಿದ್ದು, ಅಲ್ಲಿ ಶಾಶ್ವತ ನಿರ್ಮಾಣ, ಬಟ್ಟೆ ಇಸ್ತ್ರಿ ಹಾಗೂ ಗೊರಕೆ ನಿಷೇಧಿಸಲಾಗಿದೆ. ಸದರಿ ಕುಟುಂಬವು ಅಡುಗೆಮನೆಗೆ ಹೋಗುವಾಗ ದಡದ ಅಂಚಿನಲ್ಲೇ ನಡೆಯತಕ್ಕದ್ದು."

ಇಲಾಖೆಯ ದೋಣಿಯನ್ನು ಮೆಟ್ಟಿಲಲ್ಲಿ ತರಲಾಗದ ಕಾರಣ ಅಂಗಳದಲ್ಲೇ ಲಂಗರು ಹಾಕಲಾಯಿತು. ತೊಟ್ಟಿಯ ಮೇಲಿನ ನೀಲಿ ದೀಪವನ್ನು ದೀಪಸ್ತಂಭವೆಂದು ಅಂಗೀಕರಿಸಿ ನನ್ನನ್ನು ಅಲ್ಲಿಗೆ ವರ್ಗಾಯಿಸಿದರು. ಆ ದೀಪ ತಾನೇ ಹೊತ್ತಿ ತಾನೇ ಆರುತ್ತದೆ. ಅದು ಹೊತ್ತುವಾಗ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಮೀನು ವಿಭಾಗದವರು ವಾರ್ಷಿಕ ಮೀನುಗಾರಿಕೆಯ ಗುರಿ ತಲುಪಬೇಕೆಂದು ಬಲೆ ತಂದಾಗ ಮಾತ್ರ ಜಿಯಾದಾ ಬಾಗಿಲಿಗೆ ಅಡ್ಡ ನಿಂತಳು.

"ಇರೋದೇ ಎರಡು. ಅವನ್ನ ಮುಟ್ಟಿದ್ರೆ ನಿಮ್ಮ ಇಡೀ ಇಲಾಖೇನ ಬಚ್ಚಲಿಗೆ ಸುರಿದುಬಿಡ್ತೀನಿ."

ಮಾತುಕತೆಯಾಗಿ, ಗಾಳವೂ ದಾರವೂ ಇಲ್ಲದ ಕೋಲು ಹಿಡಿದು ಸೋಫಾದ ಮೇಲೆ ಕೂರುವುದೆಂದು ತೀರ್ಮಾನವಾಯಿತು. ಇಳುವರಿ ಸಮಾಧಾನಕರವೆಂದು ವರದಿ ಹೋಯಿತು.

ಕೆಳಗಿನ ಮಕ್ಸೆತ್‌ನನ್ನು ಸಮುದ್ರತಳದ ನಿವಾಸಿ ಎಂದು ಗುರುತಿಸಿ ಸೋರಿಕೆ ಭತ್ಯೆ ಮಂಜೂರು ಮಾಡಲಾಯಿತು. ಮುಂದಿನ ವಾರವೇ ಅವನು ಮೇಲೆ ಬಂದು ಬಾಗಿಲು ಬಡಿದ.

"ಏನಮ್ಮಾ, ಈ ವಾರ ಒಂದು ಹನೀನೂ ಬಿದ್ದಿಲ್ಲ. ನಿನ್ನ ಗಂಡನ ಕಾಲಿಗೇನಾಯ್ತು?"

ಸಲಾಮತ್‌ಗೆ ಇದೆಲ್ಲ ಒಗ್ಗಿತು. ಸ್ವಂತ ಸೋಫಾದ ಮೇಲೆ ಮಲಗಲಾಗದವನು ಅಂಗಳದ ದೋಣಿಯಲ್ಲಿ ಮಲಗತೊಡಗಿದ. ಒಗ್ಗದವಳು ಜಿಯಾದಾ ಒಬ್ಬಳೇ. ಹಗಲೆಲ್ಲ ಸಮವಸ್ತ್ರದ ಬೆನ್ನುಗಳ ಸಂದಿಯಿಂದ ತನ್ನ ಹವಳ ನೋಡಬೇಕಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಅತ್ತಳಂತೆ.

ಜುಲೈಯಲ್ಲಿ ಬಿರುಗಾಳಿ ಉಪ್ಪುಧೂಳು ಹೊತ್ತು ತಂದು ಊರಿನ ಕರೆಂಟು ಹೋಯಿತು. ಪಂಪು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮನೆಯೊಳಗೆ ಗೋಡೆಯೂ ಬೆವರುತ್ತಿತ್ತು. ಹವಳಗಳು ಮುದುಡಿದವು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಜಿಯಾದಾ ಚಹಾದ ಬಟ್ಟಲಿನಿಂದ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದಳು. ಮೊಗೆಯುವುದು, ಸುರಿಯುವುದು.

"ನಿಂತು ನೋಡ್ತೀರಲ್ಲ!" ಎಂದು ನಮ್ಮ ಕಡೆ ತಿರುಗಿ ಕೂಗಿದಳು. "ನೀರಿಗೆ ಗಾಳಿ ಬೇಕು! ಬನ್ನಿ!"

ನಾವು ಒರಿನ್‌ಬಾಯ್ ಆಗಾರನ್ನು ನೋಡಿದೆವು. ನೀರಿಗೆ ಕೈ ಹಾಕುವುದಕ್ಕೆ ನಿಷೇಧವಿತ್ತು. ಆಗಾ ಕೋಟು ಕಳಚಿ, ತೋಳು ಮಡಚಿ, ಕಪಾಟಿನಿಂದ ಒಂದು ಬಟ್ಟಲು ತೆಗೆದುಕೊಂಡರು. "ಅಲೆ ವಿಭಾಗ," ಎಂದರು, "ಕೆಲಸಕ್ಕೆ."

ಅಲೆ ವಿಭಾಗದ ಮುಖ್ಯಸ್ಥರು ನೌಕರಿಗೆ ಸೇರಿದ ಮೇಲೆ ಅಲೆಯನ್ನು ಮುಟ್ಟಿದ್ದು ಅದೇ ಮೊದಲು. ಬಂದರು ವಿಭಾಗದವರು ಮಾಂಸದಂಗಡಿಯಿಂದ ಮಂಜುಗಡ್ಡೆ ಹೊತ್ತು ತಂದರು. ಅದನ್ನು ಬಾಟಲಿಗೆ ತುಂಬಿ ನೀರಿನಲ್ಲಿ ತೇಲಿಬಿಟ್ಟೆವು. ಮೀನು ವಿಭಾಗದವರು ಮೀನುಗಳನ್ನೇ ನೋಡುತ್ತ, "ಉಸಿರಾಡ್ತಿದೆ, ಉಸಿರಾಡ್ತಿದೆ" ಎಂದು ಕೂಗಿ ಹೇಳುತ್ತಿದ್ದರು. ಸರದಿಯ ಮೇಲೆ ಮೊಗೆದೆವು, ಸುರಿದೆವು. ನನ್ನ ಸರದಿ ಬಂದಾಗ ಬೆರಳು ನಾಲಿಗೆಗೆ ತಾಗಿಸಿ ನೋಡಿದೆ. ಚಿಕ್ಕವನಾಗಿದ್ದಾಗ ಈಜಿ ಬಂದ ಮೇಲೆ ತುಟಿಯ ಮೇಲೆ ಇರುತ್ತಿದ್ದ ರುಚಿ. ಕರ್ತವ್ಯದ ವೇಳೆಯಾದ್ದರಿಂದ ಯಾರಿಗೂ ಹೇಳಲಿಲ್ಲ. ಕತ್ತಲಾಗುವ ಮೊದಲು ಕರೆಂಟು ಬಂತು. ಹವಳ ಒಂದೊಂದೇ ಬೆರಳು ಬಿಚ್ಚಿತು. ಜಿಯಾದಾ ಎಲ್ಲರಿಗೂ ಅದೇ ಬಟ್ಟಲುಗಳಲ್ಲಿ ಚಹಾ ಕೊಟ್ಟಳು. ಉಪ್ಪಾಗಿತ್ತು. ಯಾರೂ ದೂರಲಿಲ್ಲ.

ಆಮೇಲೆ ಅವಳು ಬೆನ್ನುಗಳ ಬಗ್ಗೆ ತಕರಾರು ಎತ್ತಲಿಲ್ಲ. ಬದಲಿಗೆ ನಮಗೆ ನೀರು ಪರೀಕ್ಷಿಸುವುದನ್ನು ಕಲಿಸಿದಳು. ಒರಿನ್‌ಬಾಯ್ ಆಗಾ ಎರಡು ಸಲ ತಪ್ಪು ಮಾಡಿ ಬೈಸಿಕೊಂಡರು.

ಶರತ್ಕಾಲದಲ್ಲಿ ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಬಂದು, ದಡದಲ್ಲಿ ನಿಂತು, ಸಮುದ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಜಿಯಾದಾ ಅತ್ತೆಯ ಕೈ ಹಿಡಿದುಕೊಂಡಿದ್ದಳು.

"ಸಮುದ್ರ ಸ್ವಲ್ಪ ಚಿಕ್ಕದಾಯ್ತಲ್ಲ?" ಎಂದರು ಸಾಹೇಬರು.

ಜಿಯಾದಾ ಮುಂದೆ ಬಂದಳು.

"ಈಗ ಇಳಿತದ ಹೊತ್ತು ಸಾಹೇಬ್ರೆ," ಎಂದಳು.

ಸಾಹೇಬರು ತಲೆದೂಗಿದರು. ಗಡಿಯಾರ ನೋಡಿಕೊಂಡರು. "ಹಾಗಾದ್ರೆ ಉಬ್ಬರ ಬರೋವರೆಗೆ ಕಾಯೋಣ" ಎಂದು ಸೋಫಾದ ಮೇಲೆ ಕೂತರು. ಪಕ್ಕದಲ್ಲಿ ಒರಿನ್‌ಬಾಯ್ ಆಗಾ ಕೂತರು, ಆಮೇಲೆ ಅತ್ತೆ, ಸಲಾಮತ್, ಭತ್ಯೆ ಕೇಳಲು ಬಂದಿದ್ದ ಮಕ್ಸೆತ್, ನಾವೆಲ್ಲ. ಚಹಾ ಬಂತು. ಸ್ವಲ್ಪ ಹೊತ್ತಾದ ಮೇಲೆ ಸಾಹೇಬರು ಷರಾಯಿಯ ತುದಿಗಳನ್ನು ಮಡಚಿ, ನೆನೆಯದಂತೆ ಕಾಲುಗಳನ್ನು ಸೋಫಾದ ಮೇಲಕ್ಕೆ ಎಳೆದುಕೊಂಡರು. ನಾವೂ ಎಳೆದುಕೊಂಡೆವು.