ಕ್ಲಚ್ಚಿನೊಳಗಿನ ಗಾಳಿ

ಚಂದ್ರಾಮಪ್ಪನ ಕಾರಿನ ಕ್ಲಚ್ಚಿನೊಳಗೆ ಗಾಳಿ ಹೊಕ್ಕಿತ್ತು. ಎಷ್ಟು ಗಾಳಿ ಅಂದರೆ, ಹೊರಗೆ ಬಿಟ್ಟರೆ ಸುರಪುರದಿಂದ ಶಹಾಪುರದವರೆಗಿನ ಜೋಳವನ್ನೆಲ್ಲ ತೂರಬಹುದಿತ್ತು. ಪೆಡಲು ಹಳೇ ಹಾಸಿಗೆಯಂತೆ ಮೆತ್ತಗೆ ಕುಸಿಯುತ್ತಿತ್ತು, ಗೇರ್ ಮಾತ್ರ ಬೀಳುತ್ತಿರಲಿಲ್ಲ.

ಕಾರು ಮಾವ ಅಂಬ್ರಪ್ಪ ಕೊಟ್ಟದ್ದು. ಆತ ಅಂದೇ ತನ್ನೂರು ಬಳಿಚಕ್ರದಿಂದ ಬರುವವನಿದ್ದ. "ಗಾಡಿ ನಿಂತಲ್ಲೇ ನಿಂತಿದ್ರ ಯಾದಗಿರಿ ಸಣ್ಣಳಿಯಗ ಕೊಡ್ತೀನ್ರಿ" ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದ.

ಎದುರುಮನೆಯ ಸಂಗಣ್ಣ ಓಡಿಬಂದ. ಓಣಿಯ ಇಳಿಜಾರಿನ ತುದಿಗಿರುವ ಕಾಲುವೆಯ ಗೇಟು ತಿರುವುವವನು ಅವನು. ಗೇಟು ತಿರುವಿದವನಿಗೆ ವಿಮಾನವೂ ಗೊತ್ತೆಂಬುದು ಅವನ ನಂಬಿಕೆ.

"ಭಾಳ ಸರಳ ಅದ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಒಬ್ಬರು ಕೆಳಗ ನಟ್ ಸಡಲಿಸಿ ಗಾಳಿ ಬಿಟ್ಟು ಬಿಗಿ ಮಾಡ್ಬೇಕು. ನಡುವ ಪೆಡಲ್ ಬಿಟ್ರ, ಹೋದ ಗಾಳಿ ಬೀಗರ ಹಂಗ ತಿರುಗಿ ಬರ್ತದ."

ಪೆಡಲಿಗೆ ಹೆಂಡತಿ ಲಾಲಮ್ಮ ಕುಳಿತಳು. ಚಂದ್ರಾಮಪ್ಪ ಕೆಳಗೆ ತೂರಿದ. ನಟ್ಟಿಗೆ ಸಿಕ್ಕಿಸಿದ ನಳಿಗೆಯ ಇನ್ನೊಂದು ತುದಿಯನ್ನು ಎಣ್ಣೆ ಬಾಟಲಿಯಲ್ಲಿ ಮುಳುಗಿಸಿ ಸಂಗಣ್ಣ ಕೂಗಿದ: "ಗುಳ್ಳಿ ಬರಾಕತ್ತಾವ! ಗಾಳಿ ಹೊಂಟದ!"

ಅಷ್ಟರಲ್ಲಿ ಓಣಿಯ ಹಿರಿಯ ಮಹಾದೇವಪ್ಪ ಬಂದ. ಲಾಲಮ್ಮ ಪೆಡಲು ಬಿಟ್ಟು, ಕೆಳಗಿಳಿದು, ತಲೆಮೇಲೆ ಸೆರಗೆಳೆದು ನಿಂತಳು. ಗಾಳಿ ಗಳಗಳ ಒಳಹೊಕ್ಕಿತು.

"ಯಾಕ ಕಾಲು ಬಿಟ್ಟೀ?" ಕೆಳಗಿನಿಂದ ಚಂದ್ರಾಮಪ್ಪ ಚೀರಿದ.

"ಹಿರ್ಯಾರು ಬಂದ್ರ ಕಾಲು ಚಾಚ್ಕೊಂಡು ಕುಂದರ್ಲೇನ್ರಿ? ನಾಳಿಗೆ ನಿಮ್ಮ ಮನಿತನಕ್ಕಽ ಅಂತಾರ."

ಮತ್ತೆ ಒತ್ತಿದಳು. ಓಣಿಯ ಮುದುಕಿ ಮರಿಲಿಂಗಮ್ಮ ಬಂದಳು. "ಯಾರವ್ವ ಇದು, ಗಾಡಿ ಕೆಳಗ ಬಿದ್ದಾರ? ಜೀವ ಅದನೋ ಹೋಗ್ಯಾದೋ?" ಲಾಲಮ್ಮ ಇಳಿದಳು. ಗಾಳಿ ಹೊಕ್ಕಿತು. ಸುದ್ದಿ ಹಬ್ಬಿತು. ಊರಿನಲ್ಲಿ ಅಷ್ಟು ಹಿರಿಯರು ಉಳಿದಿದ್ದಾರೆಂಬುದು ಆವತ್ತೇ ಊರಿಗೂ ಗೊತ್ತಾದದ್ದು. ಹಾಸಿಗೆ ಹಿಡಿದವರೂ ಎದ್ದು ಬಂದರು. ಮುಖದ ಮೇಲೆ ತೊಟ್ಟಿಕ್ಕುವ ಎಣ್ಣೆಗೆ ಕಣ್ಣೀರು ಬೆರೆತು ಚಂದ್ರಾಮಪ್ಪ ಬದನೆಕಾಯಿಯಂತೆ ಬಾಡಿದ.

ಕೊನೆಗೆ ಅವನೇ ಉಪಾಯ ಕಂಡ. ಕಾರಿನ ಗಾಜಿಗೆಲ್ಲ ಕೌದಿ ಹೊದಿಸಿದ. "ಯಾರೂ ಕಾಣ್ಸಂಗಿಲ್ಲ. ಯಾರಿಗೂ ಏಳೂದು ಬ್ಯಾಡ!"

ಕತ್ತಲಲ್ಲಿ ಲಾಲಮ್ಮ ಬಂಡೆಯಂತೆ ಕುಳಿತಳು. ಗುಳ್ಳೆ ನಿಂತವು. ಪೆಡಲು ಕಲ್ಲಾಯಿತು.

ಚಂದ್ರಾಮಪ್ಪ ಕೌದಿ ಕಿತ್ತೆಸೆದು, ಲಾಲಮ್ಮನನ್ನು ಇಳಿಸಿ, ತಾನು ಕುಳಿತು ಇಂಜಿನ್ ಶುರು ಮಾಡಿದ. ಕ್ಲಚ್ ಒತ್ತಿದ. ಮೊದಲ ಗೇರ್ ಬೆಣ್ಣೆಯೊಳಗೆ ಬೆರಳಿಟ್ಟಂತೆ ಬಿತ್ತು. ಹ್ಯಾಂಡ್‌ಬ್ರೇಕ್ ಇಳಿಸಿ, ಗೆದ್ದ ಅರಸನಂತೆ ಪಕ್ಕಕ್ಕೆ ತಿರುಗಿದ.

ಬಾಗಿಲ ಬಳಿಯೇ ಅಂಬ್ರಪ್ಪ ನಿಂತಿದ್ದ.

"ಶರಣ್ರೀ ಮಾವಾರ!" ಚಂದ್ರಾಮಪ್ಪ ಬಾಗಿಲು ತೆಗೆದು ಚಂಗನೆ ಕೆಳಗೆ ಜಿಗಿದು ಕೈ ಮುಗಿದ.

ಬಾಗಿದ ತಲೆ ಎತ್ತುವಷ್ಟರಲ್ಲಿ ಕಾರು ಇಳಿಜಾರು ಇಳಿದಾಗಿತ್ತು. ಕಾಲುವೆ ಅದನ್ನು ಹೋಳಿಗೆಯಂತೆ ನುಂಗಿತು.

"ಯಾಕ ಕಾಲು ಬಿಟ್ರಿ?" ಲಾಲಮ್ಮ ಕೇಳಿದಳು.

"ಹಿರ್ಯಾರು ಬಂದ್ರಲ್ಲ..." ಚಂದ್ರಾಮಪ್ಪ ಮುಗಿದ ಕೈ ಇನ್ನೂ ಇಳಿಸಿರಲಿಲ್ಲ.

ಅಂಬ್ರಪ್ಪ ಆಗಲೇ ಫೋನು ಕಿವಿಗಿಟ್ಟಿದ್ದ: "ಸಣ್ಣಳಿಯಾರ, ಗಾಡಿ ನಿಮಗಽ ರಿ. ಬರ್ತಾ ಉದ್ದಂದೊಂದು ಹಗ್ಗ ತರ್ರಿ."

ಬಾಟಲಿ ಹಿಡಿದೇ ಕಾಲುವೆಯ ದಂಡೆಗೆ ಓಡಿದ ಸಂಗಣ್ಣ ನೀರನ್ನು ನೋಡಿ ಕೂಗಿದ: "ಗುಳ್ಳಿ ಬರಾಕತ್ತಾವ! ಚಂದ್ರಾಮಪ್ಪ, ಇನ್ನೂ ಭಾಳ ಗಾಳಿ ಉಳ್ದಿತ್ತು ನೋಡಪಾ!"