ಮೈನಸ್ ಹದಿನಾಲ್ಕು ಮತ್ತು ಮೊದಲ ತಾಟು

ಸಿಂಧನೂರಿನ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ ಎರಡು ವಿಷಯಗಳಲ್ಲಿ ಎಂದೂ ಅನುಮಾನ ಬಂದಿರಲಿಲ್ಲ. ಒಂದು, ಮೈನಸ್ ಎಂದರೆ ಸೊನ್ನೆಗಿಂತ ಕಡಿಮೆ. ಎರಡು, ಮಸ್ಕಿಯ ಅತ್ತೆಯ ಮನೆಯಲ್ಲಿ ಮೊದಲ ತಾಟು ನನ್ನದು. ನಾನು ಹಿರಿಯ ಅಳಿಯ. ನಾನು ತುತ್ತು ಎತ್ತುವವರೆಗೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೈ ಹಚ್ಚುವುದಿಲ್ಲ.

ಈ ವ್ಯವಸ್ಥೆಗೆ ಧಕ್ಕೆ ತಂದವನು ನನ್ನ ಷಡ್ಡಕ ವೀರೇಶ. ನನ್ನ ಹೆಂಡತಿ ನೀಲಮ್ಮನ ತಂಗಿಯ ಗಂಡ, ಲಿಂಗಸುಗೂರಿನವನು. ದೂರದ ಊರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ. 'ಎಮ್ಮೆ ಇಲ್ಲದೆ ಹುಲ್ಲು ಕೊಯ್ಯುವವನು' ಎಂದು ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. ಅವನ ಮಗಳು ಅನ್ನಪೂರ್ಣ ಅದೇ ಹುಲ್ಲಿನ ಮೇಲೆ ಬೆಳೆದು, ಕೋಲು ಹಿಡಿದು, ವೃತ್ತಿಪರ ಆಟಗಾರ್ತಿಯಾಗಿಬಿಟ್ಟಳು. ಈ ಯುಗಾದಿಯ ದಿನ ನಾವೆಲ್ಲ ಮಸ್ಕಿಯಲ್ಲಿ ಊಟಕ್ಕೆ ಕೂತಾಗ ಅವಳ ಫೋನು ಬಂತು. ಹೊಸ ಆಟಗಾರರು ದೊಡ್ಡ ಟೂರಿಗೆ, ಅಂದರೆ ಹೆಸರಾದವರು ಆಡುವ ಪಂದ್ಯಗಳ ಸರಣಿಗೆ, ಏರಲು ಮೆಟ್ಟಿಲಾಗಿರುವ ಪಂದ್ಯಾವಳಿಯೊಂದರಲ್ಲಿ ಅವಳು ಮೊದಲು ಬಂದಿದ್ದಳಂತೆ. ಅತ್ತೆ ನನ್ನ ಕಡೆ ತರುತ್ತಿದ್ದ ತಾಟನ್ನು ಗಾಳಿಯಲ್ಲೇ ತಿರುಗಿಸಿ ವೀರೇಶನ ಮುಂದಿಟ್ಟರು.

ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ. ಹಬ್ಬದ ಬೇವನ್ನೆಲ್ಲ ನಾನೊಬ್ಬನೇ ತಿಂದವನ ಹಾಗೆ ಮುಖ ಮಾಡಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಮುಂದಿನ ತಿಂಗಳು ಅತ್ತೆಯ ಓಣಿಯವರು ಹುಡುಗಿಗೆ ಸತ್ಕಾರ ಇಟ್ಟುಕೊಂಡರು. ವೀರೇಶ ಫೋನು ಮಾಡಿದ.

"ಅಣ್ಣಾರ, ಈ ಟೂರ್ನಮೆಂಟ್ ಅಂದ್ರ ಏನಂತ ನಮ್ಮ ಮಂದಿಗೆ ಗೊತ್ತಿಲ್ರಿ. ನೀವು ಓದಿದವ್ರು. ಅದರ ಇತಿಹಾಸ ಒಂದೀಟು ಹೇಳಿಬಿಡ್ರಿ. ಪುಸ್ತಕ ಕಳಸಾಕತ್ತೀನಿ."

ಪುಸ್ತಕ ಬಂತು. ಇಂಗ್ಲಿಷಿನಲ್ಲಿತ್ತು, ಒಳಗೆ ಈ ವರ್ಷದ ಫಲಿತಾಂಶದ ಹಾಳೆಯನ್ನೂ ಇಟ್ಟಿದ್ದರು. ಬಂದಷ್ಟು ಓದಿದೆ. ಮೊದಲ ವರ್ಷ ಪೆಂಡಾಲು ಗಾಳಿಗೆ ಹಾರಿಹೋದದ್ದು, ಮೈದಾನಕ್ಕೆ ಕುರಿಗಳು ನುಗ್ಗಿ ಆಟ ನಿಂತದ್ದು, ಆಟಗಾರರು ತಮ್ಮ ಕೋಲುಗಳ ಚೀಲ ತಾವೇ ಹೊತ್ತದ್ದು, ಇಲ್ಲಿ ಆಡಿದವರು ಆಮೇಲೆ ದೊಡ್ಡ ಟೂರಿನಲ್ಲಿ ಹೆಸರು ಮಾಡಿದ್ದು, ಎಲ್ಲವೂ ಇತ್ತು. ಕೊನೆಯಲ್ಲಿ ಗೆದ್ದವರ ಪಟ್ಟಿ ಮತ್ತು ಅಂಕಿಗಳು. ಅಂಕಿಗಳಿಗೆ ಭಾಷೆಯ ಹಂಗಿಲ್ಲ. ನಾನು ಕನ್ನಡಕ ಒರೆಸಿಕೊಂಡೆ.

ಮೊದಲ ವರ್ಷ ಗೆದ್ದವಳದು ಪ್ಲಸ್ ಎರಡು. ಮುಂದಿನವಳದು ಮೈನಸ್ ಒಂದು. ಆಮೇಲೆ ಮೈನಸ್ ಐದು, ಮೈನಸ್ ಒಂಬತ್ತು. ಈ ವರ್ಷ ಅನ್ನಪೂರ್ಣ, ಮೈನಸ್ ಹದಿನಾಲ್ಕು!

ಎದೆಯೊಳಗೆ ತಣ್ಣಗಾಯಿತು. ಈ ವರ್ಷದ ಪೂರ್ತಿ ಪಟ್ಟಿ ನೋಡಿದೆ. ಮೇಲ್ತುದಿಯಲ್ಲಿ ಅನ್ನಪೂರ್ಣ, ತಳದಲ್ಲಿ ಪ್ಲಸ್ ಇಪ್ಪತ್ತೊಂದು ಗಳಿಸಿದ ಒಬ್ಬ ಬಡಪಾಯಿ ಹುಡುಗಿ. ವಿಷಯ ಸ್ಪಷ್ಟವಾಗಿತ್ತು. ಪಟ್ಟಿಯನ್ನು ತಲೆಕೆಳಗಾಗಿ ಮುದ್ರಿಸಿದ್ದರು. ಮೊದಲ ವರ್ಷ ಯಾವನೋ ಕಾರಕೂನ ಮಾಡಿದ ತಪ್ಪನ್ನು ಉಳಿದವರೆಲ್ಲ ನಕಲು ಹೊಡೆಯುತ್ತ ಬಂದಿದ್ದರು. ಕಚೇರಿಗಳಲ್ಲಿ ಇದು ಸಹಜ.

ನೀಲಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

"ತಲಿ ನೆಟ್ಟಗೈತೇನ್ರಿ? ಕಪ್ಪು ಹಿಡಕೊಂಡು ನಿಂತಾಳ ಹುಡುಗಿ. ಫೋಟೋ ಕಾಣಂಗಿಲ್ಲೇನು?"

"ಸಮಾಧಾನಕ್ಕ ಕೊಟ್ಟಿರತಾರ. ನಮ್ಮ ಸಾಲ್ಯಾಗ ಕೊಡಂಗಿಲ್ಲೇನು?"

"ನಿಮ್ಮ ಆಟದ ಮಾಸ್ತರನ್ನರ ಒಂದು ಮಾತು ಕೇಳ್ರಿ."

"ಅಂವ ಕಬಡ್ಡಿಯವ. ಮೈನಸ್ ಅಂದ್ರ ಏನಂತ ನಾ ಅವನ್ನ ಕೇಳಬೇಕಾ?"

"ನಿಮಗ ಲೆಕ್ಕ ತಪ್ಪಿಲ್ರಿ, ತಾಟು ತಪ್ಪೈತಿ. ಅದಕ್ಕ ಇಷ್ಟು ಸಂಕಟ," ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು. ಹೆಂಗಸರಿಗೆ ಗಣಿತದಲ್ಲಿ ಆಸಕ್ತಿ ಕಡಿಮೆ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಮೂರು ದಿನ ಕೂತು ಚಾರ್ಟ್ ಬರೆದೆ. ದೊಡ್ಡ ಸಂಖ್ಯಾರೇಖೆ. ನಡುವೆ ಸೊನ್ನೆ, ಎಡಕ್ಕೆ ಮೈನಸ್ಸು, ಬಲಕ್ಕೆ ಪ್ಲಸ್ಸು, ಪ್ರತಿ ವರ್ಷದ ವಿಜೇತೆಗೂ ಒಂದು ಕೆಂಪು ಚುಕ್ಕೆ. ಮಸ್ಕಿಯ ಬಸ್ಸಿನಲ್ಲಿ ಅದನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ಹೋದೆ. ಪಕ್ಕದಲ್ಲಿ ಕೂತಿದ್ದವರಿಗೂ ವಿಷಯ ತಿಳಿಸಿದೆ. ಅವರು ಮಸ್ಕಿ ಬರುವ ಮೊದಲೇ ಇಳಿದುಹೋದರು.

ಸಮುದಾಯ ಭವನ ತುಂಬಿತ್ತು. ಅತ್ತೆ ಮುಂದಿನ ಸಾಲಿನಲ್ಲಿದ್ದರು. ಚಾರ್ಟ್ ತೂಗುಹಾಕಿ, ಗಂಟಲು ಸರಿಮಾಡಿಕೊಂಡು, ಪಂದ್ಯಾವಳಿಯ ಇತಿಹಾಸವನ್ನು ಪೆಂಡಾಲು ಮತ್ತು ಕುರಿಗಳಿಂದ ಆರಂಭಿಸಿದೆ. ಜನ ನಕ್ಕರು. ಅಲ್ಲಿಗೇ ನಿಲ್ಲಿಸಬಹುದಾಗಿತ್ತು.

"ಆದರೆ ಬಂಧುಗಳೇ," ಎಂದೆ, "ಈ ಇತಿಹಾಸವು ಒಂದು ಅಧಃಪತನದ ಇತಿಹಾಸವಾಗಿದೆ." ಕೋಲಿನಿಂದ ಒಂದೊಂದೇ ಚುಕ್ಕೆ ಮುಟ್ಟುತ್ತ ಎಡಕ್ಕೆ ಸರಿದೆ. ಮೈನಸ್ ಹದಿನಾಲ್ಕರ ಹತ್ತಿರ ದನಿ ತಗ್ಗಿಸಿದೆ. ಸೋಲಿನಿಂದ ಕುಗ್ಗಬಾರದೆಂದು ಅನ್ನಪೂರ್ಣೆಗೆ ಧೈರ್ಯ ಹೇಳಿದೆ. ತಂದೆಯಾದವನು ಮಕ್ಕಳ ಫಲಿತಾಂಶವನ್ನು ಸರಿಯಾಗಿ ಓದಿಕೊಳ್ಳಬೇಕೆಂದು ವೀರೇಶನಿಗೆ ಬುದ್ಧಿ ಹೇಳಿದೆ. ಇಂದಿನ ಶಾಲು ನ್ಯಾಯವಾಗಿ ಸಲ್ಲಬೇಕಾದದ್ದು ಪ್ಲಸ್ ಇಪ್ಪತ್ತೊಂದರ ಆ ಹುಡುಗಿಗೆ ಎಂದು ಘೋಷಿಸಿ ಕೂತೆ. ಚಪ್ಪಾಳೆ ಬರಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡೆ.

ಅನ್ನಪೂರ್ಣ ಎದ್ದಳು. ಮೊದಲು ಬಂದು ನನ್ನ ಕಾಲಿಗೆ ನಮಸ್ಕರಿಸಿದಳು. ಆಮೇಲೆ ಮೈಕ್ ಹಿಡಿದಳು.

"ದೊಡ್ಡಪ್ಪಾರು ಚಾರ್ಟ್ ಭಾಳ ಚೊಲೊ ಬರದಾರ್ರಿ. ಗಾಲ್ಫ್‌ನ್ಯಾಗ ಚೆಂಡು ಕುಣಿಗೆ ಹಾಕಾಕ ಇಷ್ಟು ಹೊಡೆತ ಅಂತ ಮೊದಲೇ ಗೊತ್ತು ಮಾಡಿರತಾರ. ಅದಕ್ಕಿಂತ ಕಡಿಮಿ ಹೊಡೆತದಾಗ ಮುಗಿಸಿದ್ರ ಮೈನಸ್, ಜಾಸ್ತಿ ಹೊಡದ್ರ ಪ್ಲಸ್. ಕಡಿಮಿ ಹೊಡದವ್ರೇ ಗೆಲ್ಲತಾರ." ನನ್ನ ಕೆಂಪು ಪೆನ್ನನ್ನೇ ತೆಗೆದುಕೊಂಡು ರೇಖೆಯ ಎಡತುದಿಗೆ ಒಂದು ಬಾಣ ಹಾಕಿದಳು. "ಆ ಪ್ಲಸ್ ಇಪ್ಪತ್ತೊಂದರಾಕಿ ನನ್ನ ಗೆಳತಿ. ಎಲ್ಲಾರಿಗಿಂತ ಕಡೀಕ ಬಂದಾಳ. ನಿಮ್ಮ ಮಾತು ಹೇಳ್ತೀನ್ರಿ ದೊಡ್ಡಪ್ಪಾರ, ಭಾಳ ಖುಷಿ ಆಕ್ಕಾಳ."

ಭವನ ಬಿದ್ದು ಬಿದ್ದು ನಕ್ಕಿತು. ಮುದುಕರೊಬ್ಬರು ಮಾತ್ರ ನಗಲಿಲ್ಲ.

"ಮಾಸ್ತರ, ನನ್ನ ಮೊಮ್ಮಗ ನಿಮ್ಮ ಸಾಲ್ಯಾಗ ಓದಾಕತ್ತಾನ್ರಿ," ಎಂದು ಚಿಂತೆಯಿಂದ ಕೇಳಿದರು. "ಲೆಕ್ಕ ನೀವೇ ಹೇಳಿಕೊಡತೀರೇನು?"

ಊಟಕ್ಕೆ ಅತ್ತೆಯ ಮನೆಗೇ ಹೋಗಬೇಕಾಯಿತು. ನಾನು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಸಾಲಿನ ಕೊನೆಯಲ್ಲಿ ಕೂತೆ. ವೀರೇಶ ಕೈ ಹಿಡಿದು "ಮ್ಯಾಲೆ ಬರ್ರಿ ಅಣ್ಣಾರ" ಎಂದ. ಅವನ ಒಳ್ಳೆಯತನ ಕಂಡು ಹೊಟ್ಟೆ ಇನ್ನಷ್ಟು ಉರಿಯಿತು. ಅಷ್ಟರಲ್ಲಿ ಅತ್ತೆ ತಾಟು ಹಿಡಿದು ಹೊರಬಂದರು. ಹೂರಣದ ಹೋಳಿಗೆ, ಮೇಲೆ ತುಪ್ಪ. ವೀರೇಶನನ್ನು ದಾಟಿದರು. ಅನ್ನಪೂರ್ಣೆಯನ್ನು ದಾಟಿದರು. ಬಾಗಿಲವರೆಗೆ ಬಂದು ನನ್ನ ಮುಂದೆ ಇಟ್ಟರು.

ನನ್ನ ಕಣ್ಣು ತುಂಬಿ ಬಂತು. "ಅತ್ತಿ, ಇಷ್ಟಾದ ಮ್ಯಾಲೂ ಮೊದಲ ತಾಟು ನನಗೇನ್ರಿ?"

"ಹೌದ್ರಿ ಅಳಿಯಾರ," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ಈ ಆಟದಾಗ ಕಡಿಮಿ ಇದ್ದವ್ರೇ ಮೊದಲಂತ. ಹುಡುಗಿ ಹೇಳಿದ್ಲಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ತುತ್ತು ಎತ್ತದೆ ಯಾರೂ ಉಣ್ಣುವಂತಿರಲಿಲ್ಲ. ಎತ್ತಿದೆ.